ದೂರವಾಣಿಯ ಪೇಟೆಯಲ್ಲಿ ಪೈಪೋಟಿ

ತರಕಾರಿ ಕೊಳ್ಳಲು ಸಂತೆಗೆ ಹೋಗುವ ಗೃಹಿಣಿಗೆ ಅರ್ಥಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೆಲ್ಲ ಒಂದೇ ಅಂಗಡಿ ಇದ್ದ ಕಡೆ ಬದನೆಕಾಯಿಗೆ ಅಂಗಡಿಯವನು ಹೇಳಿದ್ದೇ ಬೆಲೆ. ಸಾಲಾಗಿ ಹತ್ತು ಮಂದಿ ಬುಟ್ಟಿ ಇಟ್ಟುಕೊಂಡು ಕುಳಿತ ಕಡೆ ಬೆಲೆಯೂ ಇಳಿಯುತ್ತದೆ, ಮಾತೂ ಮೃದುವಾಗುತ್ತದೆ. ಈ ಸಾಮಾನ್ಯ ಸಂಗತಿ ನಮ್ಮ ದೇಶದ ದೂರವಾಣಿಯ ವಿಷಯದಲ್ಲಿ ಎಷ್ಟರಮಟ್ಟಿಗೆ ನಿಜವಾಯಿತು, ಎಲ್ಲಿ ನಿಜವಾಗಲಿಲ್ಲ, ಇಂದು ಅದರ ಗತಿ ಏನಾಗಿದೆ ಎಂಬುದನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ. ಟೆಲಿಫೋನಿನ ಬಿಲ್ಲು ಈಗ ಹಾಲಿನ ಲೆಕ್ಕದಂತೆ, ವಿದ್ಯುತ್ತಿನ ಲೆಕ್ಕದಂತೆ ಪ್ರತಿಯೊಂದು ಸಂಸಾರದ ತಿಂಗಳ ಖರ್ಚಿಗೆ ಸೇರಿದೆ. ಆದಕಾರಣ ಇದು ಕಂಪೆನಿಗಳ ವಿಷಯ, ನಮಗೇಕೆ ಎಂದು ಸುಮ್ಮನಿರುವಂತಿಲ್ಲ.

ಮೊದಲು ಹಳೆಯ ಕಾಲವನ್ನು ನೆನೆಯೋಣ. ನಮ್ಮ ದೇಶಕ್ಕೆ ಟೆಲಿಫೋನು ತಡವಾಗಿ ಬಂದುದಲ್ಲ. 1882ನೆಯ ಇಸವಿ ಜನವರಿ 28ರಂದೇ ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳು ತೆರೆದವು. ಬೇಗ ಬಂದರೂ ಅದು ಬೆಳೆದದ್ದು ಬಹು ನಿಧಾನವಾಗಿ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಟೆಲಿಫೋನುಗಳು ಸುಮಾರು 80 ಸಾವಿರ. ಅಲ್ಲಿಂದ ಮುಂದೆ ನಲವತ್ತೇಳು ವರ್ಷ ಕಳೆದು, 1994ರಲ್ಲಿ ಸರ್ಕಾರ ತನ್ನ ರಾಷ್ಟ್ರೀಯ ದೂರಸಂಪರ್ಕ ನೀತಿಯನ್ನು ಪ್ರಕಟಿಸಿದಾಗ ದೇಶದಲ್ಲಿ ಸುಮಾರು 80 ಲಕ್ಷ ಟೆಲಿಫೋನುಗಳಿದ್ದವು; ಬೇಕೆಂದು ಅರ್ಜಿ ಹಾಕಿ ಕಾದು ಕುಳಿತವರು ಸುಮಾರು 25 ಲಕ್ಷ ಮಂದಿ. ನೂರು ಜನರಿಗೆ ಒಂದು ಟೆಲಿಫೋನು ಕೂಡ ಬೀಳುತ್ತಿರಲಿಲ್ಲ. ಪ್ರಪಂಚದ ಸರಾಸರಿ ಆಗ ನೂರಕ್ಕೆ ಹತ್ತು.

ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. ಅರ್ಜಿ ಕೊಟ್ಟು, ಠೇವಣಿ ಕಟ್ಟಿ, ವರ್ಷಗಟ್ಟಲೆ ಕಾಯುವುದು ಆಗ ರೂಢಿಯಾಗಿತ್ತು. ಪರಸ್ಥಳಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬರೆಸಬೇಕು. ಅದರಲ್ಲಿಯೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆಗಳು. ಅವಸರ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಸಾವಿನ ಸುದ್ದಿಯಾಗಲಿ ಹೆರಿಗೆಯ ಸುದ್ದಿಯಾಗಲಿ ತಂತಿಯಲ್ಲಿ ಬರುವುದೇ ಹೆಚ್ಚು. ಬೀದಿಯಲ್ಲಿ ಒಬ್ಬರ ಮನೆಗೆ ಟೆಲಿಫೋನು ಬಂದಿತೆಂದರೆ ಅದು ಇಡೀ ಬೀದಿಗೆ ಬಂದಂತೆಯೇ.

ಇದಕ್ಕೆ ಇಲಾಖೆಯ ಸೋಮಾರಿತನವೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಬಡ ದೇಶ, ಅಣೆಕಟ್ಟು, ಉಕ್ಕು, ಅನ್ನ ಇವುಗಳ ಅಗತ್ಯ ಮೊದಲು. ಟೆಲಿಫೋನು ಉಳ್ಳವರ ಭೋಗದ ವಸ್ತುವೆಂಬ ಭಾವನೆ ಆಳಿದವರಲ್ಲಿಯೂ ಇತ್ತು, ಆಳಿಸಿಕೊಂಡವರಲ್ಲಿಯೂ ಇತ್ತು. ಆದರೂ ಸರ್ಕಾರದ ಕೈಯಿಂದ ಆದ ಕೆಲಸ ಸಣ್ಣದಲ್ಲ. 1948ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಪ್ರಾರಂಭವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. 1960ರಲ್ಲಿ ಕಾನ್ಪುರ ಮತ್ತು ಲಖನೌಗಳ ನಡುವೆ ಟ್ರಂಕ್ ಆಪರೇಟರರ ನೆರವಿಲ್ಲದೆ ನೇರವಾಗಿ ಡಯಲ್ ಮಾಡುವ ಏರ್ಪಾಡು ಬಂತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ನಮ್ಮ ಹಳ್ಳಿಗಳ ಧೂಳಿನಲ್ಲಿ, ಬಿಸಿಲಿನಲ್ಲಿ, ತಂಪು ಯಂತ್ರದ ಹಂಗಿಲ್ಲದೆ ನಡೆಯಬಲ್ಲ ಪುಟ್ಟ ವಿನಿಮಯ ಯಂತ್ರವನ್ನು ಅಲ್ಲಿನ ತರುಣ ಎಂಜಿನಿಯರುಗಳು ರಚಿಸಿದರು. ಅಂಥ ಮೊದಲ ಗ್ರಾಮೀಣ ಕೇಂದ್ರ 1986ರಲ್ಲಿ ಕೆಲಸಕ್ಕೆ ನಿಂತದ್ದು ನಮ್ಮ ಕಿತ್ತೂರಿನಲ್ಲಿ. ಬೀದಿಯ ಮೂಲೆಮೂಲೆಯಲ್ಲಿ ಎಸ್‌ಟಿಡಿ ಬೂತುಗಳು ತಲೆಯೆತ್ತಿದ್ದೂ ಈ ಕಾಲದ ಬೆಳೆಯೇ. ಟೆಲಿಫೋನು ಸ್ವಂತಕ್ಕಿಲ್ಲದವನೂ ಟೆಲಿಫೋನಿನಲ್ಲಿ ಮಾತನಾಡಬಹುದೆಂಬುದನ್ನು ಆ ಬೂತುಗಳು ತೋರಿಸಿಕೊಟ್ಟವು.

ಅಡಿಪಾಯ ಹೀಗೆ ಬಿದ್ದಿತ್ತು. ಅಂಗಡಿ ಮಾತ್ರ ಒಂದೇ. ಮಾರುವವನೂ ಅವನೇ, ತೂಗುವವನೂ ಅವನೇ, ತೂಕ ಸರಿಯಿಲ್ಲವೆಂದು ದೂರಿಕೊಂಡರೆ ವಿಚಾರಣೆ ಮಾಡುವವನೂ ಅವನೇ.

1994ರ ನೀತಿ ಖಾಸಗಿ ಕಂಪೆನಿಗಳಿಗೂ ಈ ಪೇಟೆಯ ಬಾಗಿಲನ್ನು ತೆರೆಯಿತು. 1995ನೆಯ ಇಸವಿ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಅದು ದೇಶದ ಮೊದಲ ಮೊಬೈಲು ಕರೆ. ಆದರೆ ಬಾಗಿಲು ತೆರೆದ ಕೂಡಲೇ ಸಂತೆ ನೆರೆಯಿತೆಂದು ತಿಳಿಯಬೇಡಿ. ಒಂದೊಂದು ಪ್ರಾಂತಕ್ಕೆ ಇಬ್ಬರು ಖಾಸಗಿಯವರಿಗೆ ಮಾತ್ರ ಲೈಸೆನ್ಸು. ದಟ್ಟಣೆಯ ವೇಳೆಯಲ್ಲಿ ನಿಮಿಷಕ್ಕೆ 16 ರೂಪಾಯಿಗೂ ಮೇಲ್ಪಟ್ಟು ದರ. ಸಾಲದುದಕ್ಕೆ ಕರೆ ಮಾಡಿದವನಿಗೂ ಖರ್ಚು, ಕರೆ ತೆಗೆದುಕೊಂಡವನಿಗೂ ಖರ್ಚು. ಸ್ನೇಹಿತನ ಕರೆ ಬಂದರೆ ಎತ್ತಲೋ ಬೇಡವೋ ಎಂದು ಯೋಚಿಸಬೇಕಾದ ಸ್ಥಿತಿ! ಕಂಪೆನಿಗಳೇನೂ ಸುಖವಾಗಿರಲಿಲ್ಲ. ಲೈಸೆನ್ಸಿಗಾಗಿ ಹರಾಜಿನಲ್ಲಿ ಒಬ್ಬರ ಮೇಲೊಬ್ಬರು ಕೂಗಿ ಭಾರಿ ಮೊತ್ತಗಳನ್ನು ಒಪ್ಪಿಕೊಂಡಿದ್ದರು. ಬಿತ್ತುವ ಮುನ್ನವೇ ಕಂದಾಯ ಕಟ್ಟಬೇಕಾದ ರೈತನಂತೆ ಅವರ ಪಾಡಾಯಿತು. 1999ರ ಹೊತ್ತಿಗೆ ನೂರು ಕೋಟಿ ಜನರ ಈ ದೇಶದಲ್ಲಿ ಮೊಬೈಲು ಇದ್ದವರು ಹತ್ತು ಲಕ್ಷವನ್ನು ದಾಟಿದ್ದರು, ಅಷ್ಟೆ.

ಇಲ್ಲಿ ನಾವು ಕಲಿಯುವ ಮೊದಲ ಪಾಠವಿದು: ಅಂಗಡಿ ಒಂದಿದ್ದುದು ಎರಡಾದ ಮಾತ್ರಕ್ಕೆ ಪೈಪೋಟಿ ಹುಟ್ಟುವುದಿಲ್ಲ. ಎದುರುಬದುರಿನ ಇಬ್ಬರು ಅಂಗಡಿಯವರು ಜಗಳವಾಡುವುದಕ್ಕಿಂತ ಒಬ್ಬರ ಬೆಲೆಯನ್ನು ಇನ್ನೊಬ್ಬರು ನೋಡಿಕೊಂಡು ತೆಪ್ಪಗಿರುವುದೇ ಲಾಭಕರ.

ಹಾಗಾದರೆ ಪೈಪೋಟಿ ಬಂದದ್ದು ಹೇಗೆ? ನಾಲ್ಕು ಕ್ರಮಗಳು ಒಂದರ ಹಿಂದೆ ಒಂದು ಬಂದವು. ಮೊದಲನೆಯದು, 1997ರಲ್ಲಿ ಮಾರುವವನಿಂದ ಬೇರೆಯಾದ ಒಬ್ಬ ತೀರ್ಪುಗಾರನನ್ನು ನೇಮಿಸಿದ್ದು. ಟ್ರಾಯ್ ಎಂದು ನಾವು ಪತ್ರಿಕೆಗಳಲ್ಲಿ ಓದುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಅದು. ವ್ಯಾಜ್ಯಗಳ ತೀರ್ಮಾನಕ್ಕೆ 2000ದಲ್ಲಿ ಪ್ರತ್ಯೇಕ ನ್ಯಾಯಮಂಡಳಿಯೂ ಏರ್ಪಟ್ಟಿತು. ಎರಡನೆಯದು, 1999ರ ಹೊಸ ನೀತಿ. ಹರಾಜಿನಲ್ಲಿ ಕೂಗಿದ ದೊಡ್ಡ ಮೊತ್ತದ ಬದಲು, ಬಂದ ಆದಾಯದಲ್ಲಿ ಇಷ್ಟು ಪಾಲನ್ನು ಸರ್ಕಾರಕ್ಕೆ ಕೊಡಿ ಎಂದಿತು. ಕಂದಾಯ ಹೋಗಿ ವಾರ ಬಂದಂತಾಯಿತು. ಬೆಳೆ ಹೆಚ್ಚಾದರೆ ಇಬ್ಬರಿಗೂ ಹೆಚ್ಚು. ಮೂರನೆಯದು, ಅಂಗಡಿಗಳ ಸಂಖ್ಯೆ ಏರಿದ್ದು. 2000ದ ಅಕ್ಟೋಬರಿನಲ್ಲಿ ಇಲಾಖೆಯ ಸೇವೆ ಬಿಎಸ್‌ಎನ್‌ಎಲ್ ಎಂಬ ಕಂಪೆನಿಯಾಯಿತು. ಆ ಕಂಪೆನಿ 2002ರಲ್ಲಿ ಮೊಬೈಲು ಸೇವೆಗೂ ಇಳಿಯಿತು. ಅದೇ ವರ್ಷದ ಕೊನೆಗೆ ರಿಲಯನ್ಸ್ ಬೇರೊಂದು ತಂತ್ರವನ್ನು ಹಿಡಿದು ಅಗ್ಗದ ದರದೊಡನೆ ಬಂದಿತು. ನಾಲ್ಕನೆಯದು, 2003ನೆಯ ಮೇ ತಿಂಗಳ ಮೊದಲ ದಿನದಿಂದ ಕರೆ ಮಾಡಿದವನೇ ಹಣ ತೆರಬೇಕೆಂಬ ನಿಯಮ. ಬರುವ ಕರೆಗೆ ಖರ್ಚಿಲ್ಲವೆಂದ ಮೇಲೆ ಮೊಬೈಲು ತರಕಾರಿಯವಳ ಕೈಗೂ ಬಂತು, ಗಾರೆ ಕೆಲಸದವನ ಜೇಬಿಗೂ ಬಂತು. 2004ರ ಅಕ್ಟೋಬರಿನಲ್ಲಿ ಮೊಬೈಲುಗಳ ಸಂಖ್ಯೆ ಮನೆಯ ಟೆಲಿಫೋನುಗಳ ಸಂಖ್ಯೆಯನ್ನು ಮೀರಿತು. 2006ರಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದೇ ರೂಪಾಯಿ ಎಂದು ಸಾರಿತು. 2009ರಲ್ಲಿ ಟಾಟಾ ಕಂಪೆನಿ ನಿಮಿಷದ ಲೆಕ್ಕವನ್ನೇ ಬಿಟ್ಟು ಸೆಕೆಂಡಿನ ಲೆಕ್ಕ ತಂದಾಗ ಮಿಕ್ಕವರೂ ಬೇರೆ ದಾರಿಯಿಲ್ಲದೆ ಹಿಂಬಾಲಿಸಿದರು.

ಇಷ್ಟು ಅಗ್ಗವಾಗಿ ಮಾರಿ ಕಂಪೆನಿ ಬದುಕುವುದಾದರೂ ಹೇಗೆ ಎಂದು ತಾವು ಕೇಳಬಹುದು. ಇದಕ್ಕೆ ಉತ್ತರ ತರಕಾರಿಯ ಸಂತೆಯಲ್ಲಿ ಸಿಕ್ಕುವುದಿಲ್ಲ, ಬಸ್ ನಿಲ್ದಾಣದಲ್ಲಿ ಸಿಕ್ಕುತ್ತದೆ. ಬಸ್ಸಿನಲ್ಲಿ ಐದು ಮಂದಿ ಕುಳಿತರೂ ಡೀಸೆಲಿನ ಖರ್ಚು, ಡ್ರೈವರನ ಸಂಬಳ ಅಷ್ಟೇ. ಐವತ್ತು ಮಂದಿ ಕುಳಿತರೂ ಹೆಚ್ಚುಕಡಿಮೆ ಅಷ್ಟೇ. ಟೆಲಿಫೋನ್ ಗೋಪುರದ ಲೆಕ್ಕವೂ ಹಾಗೆಯೇ. ಅದನ್ನು ನಿಲ್ಲಿಸುವುದಕ್ಕೆ, ಅದಕ್ಕೆ ತಂತಿ ಎಳೆಯುವುದಕ್ಕೆ ಭಾರಿ ಬಂಡವಾಳ ಬೇಕು. ನಿಂತ ಮೇಲೆ ಇನ್ನೊಂದು ಕರೆ ಹೆಚ್ಚಿಗೆ ಹೋದರೆ ಖರ್ಚು ಅತ್ಯಲ್ಪ. ಆದುದರಿಂದ ದರ ಇಳಿಸಿ ಜನರನ್ನು ತುಂಬಿಕೊಂಡಷ್ಟೂ ತಲೆಗೆ ಬೀಳುವ ವೆಚ್ಚ ಇಳಿಯುತ್ತದೆ. ಹತ್ತು ರೂಪಾಯಿಯ ರೀಚಾರ್ಜನ್ನು ಬೀಡಾ ಅಂಗಡಿಯಲ್ಲಿ ಮಾರಿದ ಕಂಪೆನಿ ಬೆಳೆದದ್ದು ಈ ಲೆಕ್ಕದಿಂದ.

ಆದರೆ ಈ ಬಸ್ಸಿನ ಉಪಮಾನವನ್ನು ಮರೆಯಬೇಡಿ. ಮುಂದೆ ಬರುವ ಕಹಿಯೂ ಇದರಲ್ಲಿಯೇ ಅಡಗಿದೆ. ತುಂಬಿದ ಬಸ್ಸಿನವನು ದರವನ್ನು ಇನ್ನೂ ಇಳಿಸಬಲ್ಲ. ಖಾಲಿ ಬಸ್ಸಿನವನು ಇಳಿಸಿದರೂ ಕೆಟ್ಟ, ಇಳಿಸದಿದ್ದರೂ ಕೆಟ್ಟ. ತರಕಾರಿಯ ಸಂತೆಯಲ್ಲಿ ಹತ್ತು ಜನ ಹತ್ತು ವರ್ಷವೂ ಕುಳಿತಿರಬಹುದು. ಇಂಥ ವ್ಯಾಪಾರದಲ್ಲಿ ಮಾತ್ರ ದೊಡ್ಡವನು ಇನ್ನೂ ದೊಡ್ಡವನಾಗುವುದು, ಸಣ್ಣವನು ಕಣ್ಮರೆಯಾಗುವುದು ಸಹಜಗತಿ. ಅದನ್ನು ತಡೆಯುವುದಕ್ಕೆ ಬೇಲಿ ಬೇಕು.

ಅಂಥ ಬೇಲಿಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಒಂದು, ಜಾಲಗಳ ಪರಸ್ಪರ ಜೋಡಣೆ. ನಿಮ್ಮದೊಂದು ಕಂಪೆನಿ, ನಿಮ್ಮ ಮಗಳದು ಇನ್ನೊಂದು ಕಂಪೆನಿ. ನಿಮ್ಮ ಕರೆ ಅವಳನ್ನು ಮುಟ್ಟಬೇಕಾದರೆ ಅವಳ ಕಂಪೆನಿ ತನ್ನ ಬಾಗಿಲು ತೆರೆಯಬೇಕು. ದೊಡ್ಡ ಕಂಪೆನಿ ಬಾಗಿಲನ್ನು ಅರ್ಧ ಮುಚ್ಚಿದರೆ ಹೊಸದಾಗಿ ಬಂದವನ ಟೆಲಿಫೋನು ಆಟದ ಸಾಮಾನೇ ಸರಿ. ಆದಕಾರಣ ಬಾಗಿಲು ತೆರೆಯಲೇಬೇಕೆಂಬ ಕಟ್ಟು ಹಾಕಬೇಕಾಯಿತು. ತೆರೆದುದಕ್ಕೆ ಎಷ್ಟು ಸುಂಕವೆಂಬುದನ್ನೂ ಟ್ರಾಯ್ ನಿಗದಿ ಮಾಡಿತು. ಆ ಸುಂಕವನ್ನು 2017ರಲ್ಲಿ ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿಸಲಾಯಿತು. 2021ರ ಮೊದಲ ದಿನದಿಂದ ಅದು ಇಲ್ಲವೇ ಇಲ್ಲ. ಎರಡನೆಯ ಬೇಲಿ, ನಂಬರನ್ನು ಉಳಿಸಿಕೊಂಡು ಕಂಪೆನಿ ಬದಲಾಯಿಸುವ ಹಕ್ಕು. ಮೊದಲೆಲ್ಲ ಕಂಪೆನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. ಬಂಧುಬಳಗಕ್ಕೆಲ್ಲ ಮದುವೆಯ ಕರೆಯೋಲೆ ಹಂಚಿದಂತೆ ಹೊಸ ನಂಬರು ತಿಳಿಸುವ ತೊಂದರೆಗೆ ಹೆದರಿ ಜನ ಕೆಟ್ಟ ಸೇವೆಯನ್ನೇ ಸಹಿಸಿಕೊಂಡಿರುತ್ತಿದ್ದರು. 2011ರ ಜನವರಿ 20ರಿಂದ ದೇಶಾದ್ಯಂತ ಈ ಹಕ್ಕು ಜಾರಿಗೆ ಬಂತು.

ಇನ್ನು ಮೂರನೆಯದೊಂದು ಸಂಗತಿ ಇದೆ. ಅದು ಬೇಲಿಯಲ್ಲ, ನೆಲವೇ. ರೇಡಿಯೊ ಇಟ್ಟುಕೊಂಡವರಾದ ತಮಗೆ ಇದನ್ನು ವಿವರಿಸುವುದು ಸುಲಭ. ರೇಡಿಯೊದ ಗುಂಡಿ ತಿರುಗಿಸಿದಂತೆ ಮುಳ್ಳು ಒಂದೊಂದು ನಿಲಯದ ಮೇಲೆ ನಿಲ್ಲುತ್ತದೆ. ಮಧ್ಯಮ ತರಂಗದಲ್ಲಿ 612 ಕಿಲೊಹರ್ಟ್ಸ್ ಬೆಂಗಳೂರಿನದು, 765 ಧಾರವಾಡದ್ದು ಎಂದು ಹಳೆಯ ಕೇಳುಗರಿಗೆ ಬಾಯಿಪಾಠ. ಇಬ್ಬರೂ ಒಂದೇ ಸ್ಥಾನದಲ್ಲಿ ಮಾತನಾಡಿದರೆ ಇಬ್ಬರದೂ ಕೇಳುವುದಿಲ್ಲ. ಮೊಬೈಲು ಕೂಡ ಒಂದು ಬಗೆಯ ರೇಡಿಯೊವೇ. ಅದಕ್ಕೂ ಗಾಳಿಯಲ್ಲಿ ಸ್ಥಾನ ಬೇಕು. ಅದನ್ನು ತರಂಗಾಂತರವೆನ್ನುತ್ತಾರೆ. ನೆಲದಂತೆಯೇ ಅದಕ್ಕೆ ಮಿತಿಯುಂಟು, ಮತ್ತು ಅದು ಜನತೆಯ ಆಸ್ತಿ. ಯಾರಿಗೆ ಎಷ್ಟು, ಯಾವ ಬೆಲೆಗೆ ಹಂಚಬೇಕೆಂಬುದರ ಮೇಲೆ ಪೈಪೋಟಿಯ ಹಣೆಬರಹ ನಿಂತಿದೆ.

ಈ ಹಂಚಿಕೆಯಲ್ಲಿ ನಮ್ಮ ದೇಶ ಒಮ್ಮೆ ಬಲವಾಗಿ ಎಡವಿತು. 2008ನೆಯ ಜನವರಿಯಲ್ಲಿ, ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ, 2001ರ ಬೆಲೆಗೇ 122 ಲೈಸೆನ್ಸುಗಳನ್ನು ಹಂಚಲಾಯಿತು. ಎರಡು ವರ್ಷಗಳ ತರುವಾಯ, 2010ರಲ್ಲಿ, ಮೂರನೆಯ ತಲೆಮಾರಿನ ತರಂಗಾಂತರವನ್ನು ಹರಾಜು ಹಾಕಿದಾಗ ಸರ್ಕಾರಕ್ಕೆ ಬಂದದ್ದು ಸುಮಾರು 67 ಸಾವಿರ ಕೋಟಿ ರೂಪಾಯಿ. ಹರಾಜಿಲ್ಲದೆ ಹಂಚಿದುದರ ವಿಷಯದಲ್ಲಿ ದೇಶದಲ್ಲೆಲ್ಲ ಗದ್ದಲವೆದ್ದಿತು. 2012ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯ ಆ 122 ಲೈಸೆನ್ಸುಗಳನ್ನೂ ರದ್ದು ಮಾಡಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಆಪಾದಿತರನ್ನು ವಿಶೇಷ ನ್ಯಾಯಾಲಯ 2017ರಲ್ಲಿ ಬಿಡುಗಡೆ ಮಾಡಿತು. ಮೇಲ್ಮನವಿಯ ಮಾತು ಬೇರೆ. ನಮಗೆ ಬೇಕಾದ ಪಾಠ ಇಷ್ಟು: ಅಂಗಡಿಗಳು ಹೆಚ್ಚಲೆಂದು ಅಡ್ಡದಾರಿಯಲ್ಲಿ ಬಾಗಿಲು ತೆರೆದರೆ ಹಾಗೆ ಬಂದ ಅಂಗಡಿಗಳು ನಿಲ್ಲುವುದಿಲ್ಲ. ಹೊಸಬರ ಜೊತೆಗೆ ಅವರನ್ನು ನಂಬಿದ ಗಿರಾಕಿಯೂ ಬೀದಿಗೆ ಬೀಳುತ್ತಾನೆ.

2016ರ ಸೆಪ್ಟೆಂಬರ್ 5ರಂದು ಜಿಯೊ ಎಂಬ ಹೊಸ ಕಂಪೆನಿ ಕಾರ್ಯಾರಂಭ ಮಾಡಿತು. ಮಾತಿಗೆ ಕಾಸಿಲ್ಲ, ದುಡ್ಡೇನಿದ್ದರೂ ಇಂಟರ್ನೆಟ್ಟಿಗೆ ಎಂದಿತು. ಆ ಇಂಟರ್ನೆಟ್ಟನ್ನೂ ಮೊದಲ ತಿಂಗಳುಗಳಲ್ಲಿ ಪುಕ್ಕಟೆಯಾಗಿಯೇ ಹಂಚಿತು. 2014ರಲ್ಲಿ ಒಂದು ಜಿಬಿ ಇಂಟರ್ನೆಟ್ಟಿಗೆ ಸುಮಾರು 269 ರೂಪಾಯಿ ಬೀಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಹತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಪ್ರಪಂಚದಲ್ಲಿ ಇಷ್ಟು ಅಗ್ಗ ಬಹು ಕಡಿಮೆ ದೇಶಗಳಲ್ಲಿ. ಹಳ್ಳಿಯ ಹುಡುಗ ಮರದ ಕೆಳಗೆ ಕುಳಿತು ಪಾಠ ಕೇಳಿದ, ಹೂವು ಮಾರುವವಳು ಮೊಬೈಲಿನಲ್ಲಿಯೇ ಹಣ ಪಡೆದಳು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ತುಂಬಿದ ಬಸ್ಸು, ಖಾಲಿ ಬಸ್ಸು ಎಂದು ಹೇಳಿದೆನಲ್ಲ, ಅದು ಈಗ ನಡೆಯಿತು. ಒಂದು ಕಾಲಕ್ಕೆ ಕೆಲವು ಪ್ರಾಂತಗಳಲ್ಲಿ ಹತ್ತಕ್ಕೂ ಹೆಚ್ಚು ಕಂಪೆನಿಗಳಿದ್ದವು. 2017ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಶನ್ಸ್ ತನ್ನ ಮೊಬೈಲು ಸೇವೆಯನ್ನು ಮುಚ್ಚಿತು. 2018ರಲ್ಲಿ ಏರ್‌ಸೆಲ್ ದಿವಾಳಿಯ ಅರ್ಜಿ ಹಾಕಿತು. ಟೆಲಿನಾರ್ ಮತ್ತು ಟಾಟಾಗಳ ಮೊಬೈಲು ವ್ಯವಹಾರಗಳು ಏರ್‌ಟೆಲ್‌ನಲ್ಲಿ ಸೇರಿಹೋದವು. 2018ರ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಇವುಗಳ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಆದಾಯದಲ್ಲಿ ಪಾಲು ಎಂದರೆ ಯಾವ ಆದಾಯ, ಟೆಲಿಫೋನಿನದು ಮಾತ್ರವೆ, ಎಲ್ಲವೂ ಸೇರಿಯೆ ಎಂಬ ಹಳೆಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಅಕ್ಟೋಬರ್ 24ರಂದು ಸರ್ಕಾರದ ಪರವಾಗಿ ತೀರ್ಪಿತ್ತಿತು. ವರ್ಷಗಳ ಬಾಕಿ, ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ ಎಲ್ಲವೂ ಸೇರಿ ಬೆಳೆದು ನಿಂತವು. ವೊಡಾಫೋನ್ ಐಡಿಯಾ ಕಂಪೆನಿಗೆ ಅದನ್ನು ತೀರಿಸುವ ಶಕ್ತಿಯಿರಲಿಲ್ಲ. ಬಾಕಿಯ ಭಾಗವನ್ನು ಸರ್ಕಾರ ಷೇರುಗಳಾಗಿ ಪಡೆದುಕೊಂಡಿತು. 2025ರ ವೇಳೆಗೆ ಆ ಕಂಪೆನಿಯಲ್ಲಿ ಸರ್ಕಾರದ ಪಾಲು ಹತ್ತಿರ ಹತ್ತಿರ ಅರ್ಧದಷ್ಟಾಯಿತು. ಸಾಲಗಾರ ಮುಳುಗಿದರೆ ಸಾಲ ಕೊಟ್ಟವನೂ ಮುಳುಗುತ್ತಾನೆಂಬ ಭಯ ಅದರಲ್ಲಿದ್ದೀತು. ಮೂರನೆಯ ಅಂಗಡಿ ಮುಚ್ಚಬಾರದೆಂಬ ವಿವೇಕವೂ ಇತ್ತು.

ಹೀಗೆ ಇಂದು ನಮಗೆ ಉಳಿದಿರುವುದು ಮೂರು ಖಾಸಗಿ ಕಂಪೆನಿಗಳು ಮತ್ತು ಸರ್ಕಾರದ ಬಿಎಸ್‌ಎನ್‌ಎಲ್. ಇವರಲ್ಲಿ ಜಿಯೊ ಮತ್ತು ಏರ್‌ಟೆಲ್ ಎರಡೇ ಸೇರಿ ಸುಮಾರು ಮುಕ್ಕಾಲು ಪಾಲು ಚಂದಾದಾರರನ್ನು ಹೊಂದಿವೆ. 2024ರ ಜುಲೈಯಲ್ಲಿ ಮೂರು ಖಾಸಗಿ ಕಂಪೆನಿಗಳೂ ಕೆಲವೇ ದಿನಗಳ ಅಂತರದಲ್ಲಿ ದರಗಳನ್ನು ಏರಿಸಿದ್ದು ತಮಗೆಲ್ಲ ನೆನಪಿರಬೇಕು. ದರ ಏರಿದ್ದೇ ಅಪರಾಧವೆಂದು ನಾನು ಹೇಳುವುದಿಲ್ಲ. ಹೊಸ ತಲೆಮಾರಿನ ಜಾಲಗಳಿಗೆ ಬಂಡವಾಳ ಬೇಕು. ನಷ್ಟದಲ್ಲಿ ನಡೆಯುವ ಕಂಪೆನಿಯ ಗೋಪುರ ಮಳೆಗಾಲದಲ್ಲಿ ಮೊದಲು ಮೌನವಾಗುತ್ತದೆ. ಪ್ರಶ್ನೆ ಬೆಲೆ ಏರಿತೆ ಎಂಬುದಲ್ಲ. ಏರಿದಾಗ ಗಿರಾಕಿಗೆ ಹೋಗಲು ಬೇರೆ ಅಂಗಡಿ ಇತ್ತೆ ಎಂಬುದು. ಆಗ ಇತ್ತು. ದರ ಏರಿಸದ ಬಿಎಸ್‌ಎನ್‌ಎಲ್ ಕಡೆಗೆ ಮುಂದಿನ ತಿಂಗಳುಗಳಲ್ಲಿ ಲಕ್ಷಾಂತರ ಜನ ತಿರುಗಿದರು. ಆದರೆ ಖಾಸಗಿಯವರು 2012ರಿಂದಲೇ ನಾಲ್ಕನೆಯ ತಲೆಮಾರಿನ ಸೇವೆ ಪ್ರಾರಂಭಿಸಿದ್ದರೆ, ಸರ್ಕಾರದ ಈ ಸಂಸ್ಥೆ ದೇಶವ್ಯಾಪಿಯಾಗಿ ಅದನ್ನು ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ರಂದು. ಹದಿಮೂರು ವರ್ಷಗಳ ಹಿಂದುಳಿಕೆ! ಸಮಾಧಾನದ ಅಂಶವೆಂದರೆ ಅದರ ಯಂತ್ರೋಪಕರಣ ನಮ್ಮ ದೇಶದಲ್ಲಿಯೇ ಕಟ್ಟಿದ್ದು. ಅದೇ ಸಿ-ಡಾಟ್, ನಮ್ಮ ಬೆಂಗಳೂರಿನ ತೇಜಸ್ ಕಂಪೆನಿ, ಟಾಟಾದವರ ಟಿಸಿಎಸ್ ಸೇರಿ ಅದನ್ನು ನಿರ್ಮಿಸಿದ್ದಾರೆ.

ಪೈಪೋಟಿ ಎಷ್ಟೇ ಜೋರಾಗಿದ್ದರೂ ಹತ್ತಲಾರದ ಬೆಟ್ಟವೊಂದಿದೆ. ಪೇಟೆಯಲ್ಲಿ ಒಂದು ಗೋಪುರಕ್ಕೆ ಸಾವಿರಾರು ಗಿರಾಕಿಗಳು. ಘಟ್ಟದ ನಡುವೆ, ಮಲೆನಾಡಿನ ತೋಟಗಳ ನಡುವೆ ಹರಡಿದ ಒಂಟಿ ಮನೆಗಳಿಗೆ ಅದೇ ಗೋಪುರ ನಿಲ್ಲಿಸಿದರೆ ಗಿರಾಕಿಗಳು ಕೆಲವೇ ಮಂದಿ. ಯಾವ ವ್ಯಾಪಾರಿಯೂ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ಇದಕ್ಕಾಗಿ ಕಂಪೆನಿಗಳ ಆದಾಯದಿಂದ ನೂರಕ್ಕೆ ಐದರಂತೆ ವಸೂಲು ಮಾಡಿ ಒಂದು ನಿಧಿಯಲ್ಲಿ ಇಡುವ ಏರ್ಪಾಡು 2002ರಿಂದ ಇದೆ. ಅದಕ್ಕೀಗ ಡಿಜಿಟಲ್ ಭಾರತ ನಿಧಿ ಎಂದು ಹೆಸರು. 2022ರಲ್ಲಿ ಸೇವೆಯಿಲ್ಲದ 24,680 ಹಳ್ಳಿಗಳಿಗೆ ನಾಲ್ಕನೆಯ ತಲೆಮಾರಿನ ಜಾಲ ಒದಗಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದರೂ ನಗರಗಳಲ್ಲಿ ನೂರು ಜನಕ್ಕೆ ನೂರಕ್ಕೂ ಹೆಚ್ಚು ಟೆಲಿಫೋನುಗಳಿದ್ದರೆ, ಗ್ರಾಮಗಳಲ್ಲಿ ಇನ್ನೂ ಅರವತ್ತರ ಆಸುಪಾಸು. ಪೇಟೆಯ ಮನೆಯಲ್ಲಿ ಗಂಡ ಹೆಂಡಿರಿಬ್ಬರಿಗೂ ಒಂದೊಂದು, ಮಗನಿಗೆ ಎರಡು. ಹಳ್ಳಿಯಲ್ಲಿ ಮನೆಗೊಂದು, ಅದೂ ಗುಡ್ಡ ಹತ್ತಿದರೆ ಮಾತ್ರ ಕೇಳಿಸುವುದು. ನಾವು ಅಗ್ಗದ ಇಂಟರ್ನೆಟ್ಟನ್ನು ಹೊಗಳುವಾಗ ಇದು ಮನಸ್ಸಿನಲ್ಲಿರಲಿ.

ಇಷ್ಟು ಕಥೆಯಿಂದ ತಿಳಿಯುವುದೇನು? ಸರ್ಕಾರವೇ ಎಲ್ಲವನ್ನೂ ಮಾಡಬೇಕೆಂದವರೂ ತಪ್ಪಿದರು, ಪೇಟೆಯ ಪಾಡಿಗೆ ಪೇಟೆಯನ್ನು ಬಿಟ್ಟರೆ ಸಾಕೆಂದವರೂ ತಪ್ಪಿದರು. ದೂರವಾಣಿಯಲ್ಲಿ ಪೈಪೋಟಿಯೆಂಬುದು ಕಾಡಿನಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಗಿಡವಲ್ಲ. ಅದು ತೋಟದ ಬೆಳೆ. ನೆಟ್ಟರೆ ಬೆಳೆಯುತ್ತದೆ. ನೀರು ತಪ್ಪಿದರೆ ಒಣಗುತ್ತದೆ, ಬೇಲಿ ತಪ್ಪಿದರೆ ಹಾಳಾಗುತ್ತದೆ. ಅದು ನಮಗೆ ಹದಿನಾರು ರೂಪಾಯಿಯ ನಿಮಿಷವನ್ನು ಪೈಸೆಯ ಲೆಕ್ಕಕ್ಕೆ ಇಳಿಸಿಕೊಟ್ಟಿತು. ಅದೇ ಬೆಳೆಯನ್ನು ಇಂದು ಎರಡೇ ಮರಗಳ ನೆರಳು ಮುಚ್ಚುತ್ತಿದೆ. ಮರಗಳನ್ನು ಕಡಿಯಬೇಕೆಂದಲ್ಲ, ಮಿಕ್ಕ ಗಿಡಗಳಿಗೂ ಬಿಸಿಲು ಬೀಳುವಂತೆ ನೋಡಿಕೊಳ್ಳಬೇಕು.

ತೋಟ ನೋಡಿಕೊಳ್ಳುವ ಭಾರ ಸರ್ಕಾರದ್ದು, ಟ್ರಾಯ್ ಸಂಸ್ಥೆಯದು, ನ್ಯಾಯಾಲಯದ್ದು ನಿಜ. ಗಿರಾಕಿಗೂ ಕೊಂಚ ಕೆಲಸವುಂಟು. ಸೇವೆ ಸರಿಯಿಲ್ಲದಿದ್ದರೆ ಮೊದಲು ಕಂಪೆನಿಯ ದೂರು ಕೇಂದ್ರಕ್ಕೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಆ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಅಷ್ಟಕ್ಕೂ ಆಗದಿದ್ದರೆ 1900 ಎಂಬ ಸಂಖ್ಯೆಗೆ ಸಂದೇಶ ಕಳುಹಿಸಿ, ನಂಬರನ್ನು ಉಳಿಸಿಕೊಂಡೇ ಬೇರೆ ಕಂಪೆನಿಗೆ ಹೋಗಬಹುದು. ಮನೆಯಲ್ಲಿರುವ ಮುದುಕರಿಗೆ ಇಂಟರ್ನೆಟ್ಟು ಬೇಡ, ಮಾತು ಮಾತ್ರ ಸಾಕು ಎನ್ನುವುದಾದರೆ ಅಂಥ ಬೇರೆ ಯೋಜನೆಯನ್ನು ಕಂಪೆನಿಗಳು ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅದನ್ನು ಕೇಳಿ ಪಡೆಯಿರಿ. ಕೇಳದವರಿಗೆ ಅಂಗಡಿಯವನು ತಾನಾಗಿ ಅಗ್ಗದ ಸಾಮಾನು ತೋರಿಸುವುದಿಲ್ಲ.

ಸಂತೆಯಲ್ಲಿ ಚೌಕಾಸಿ ಮಾಡುವುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ ಎಂದೆ. ಆ ಜಾಣತನವನ್ನು ಕೊತ್ತಂಬರಿ ಸೊಪ್ಪಿಗೆ ಮುಗಿಸಿಬಿಡದೆ ಟೆಲಿಫೋನಿನ ಬಿಲ್ಲಿಗೂ ವಿಸ್ತರಿಸಿದರೆ ಕಂಪೆನಿಗಳೂ ಎಚ್ಚರವಾಗಿರುತ್ತವೆ, ಅವುಗಳನ್ನು ಕಾಯುವವರೂ ಎಚ್ಚರವಾಗಿರುತ್ತಾರೆ. ಮುಂದಿನ ತಿಂಗಳ ರೀಚಾರ್ಜಿಗೆ ಮುನ್ನ ನಾಲ್ಕೂ ಅಂಗಡಿಗಳ ಬೆಲೆಯನ್ನು ಒಮ್ಮೆ ವಿಚಾರಿಸಿ ನೋಡಿ.